ಆ ವರ್ಷಗಳಲ್ಲಿ ಏನು ಮಾಡುತ್ತಿದ್ದಿರಿ?

(ಬಿಡುವಿನ ನಂತರ ಉದ್ಯೋಗಕ್ಕೆ ಮರಳುತ್ತಿರುವ ಮಹಿಳೆಯರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕೆಲವು ವರ್ಷ ಕೆಲಸ ಬಿಟ್ಟು ಮನೆಯಲ್ಲಿದ್ದು ಮತ್ತೆ ಸಂದರ್ಶನಕ್ಕೆ ಹೋಗಿ ಕುಳಿತವರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ: "ಆ ವರ್ಷಗಳಲ್ಲಿ ಏನು ಮಾಡುತ್ತಿದ್ದಿರಿ?" ಕೇಳುವವರಿಗೆ ಅದು ಅರ್ಜಿಯಲ್ಲಿ ಕಂಡ ಖಾಲಿ ಜಾಗದ ಬಗ್ಗೆ ಸಹಜವಾದ ವಿಚಾರಣೆ. ಆದರೆ ಇಲ್ಲಿರುವ ಹಲವರ ಪಾಲಿಗೆ ಆ ಜಾಗ ಖಾಲಿಯಾಗಿರಲಿಲ್ಲ. ಅಲ್ಲಿ ಪಾರ್ಶ್ವವಾಯು ಬಡಿದು ಮಲಗಿದ್ದ ಅತ್ತೆ ಇದ್ದರು, ವಾರಕ್ಕೆ ಎರಡು ಮೂರು ಬಾರಿ ಡಯಾಲಿಸಿಸ್‌ಗೆ ಹೋಗಿಬರಬೇಕಾಗಿದ್ದ ಗಂಡ ಇದ್ದರು, ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಮಗಳ ಮನೆಗೆ ಬಂದು ಉಳಿದ ತಂದೆ ಇದ್ದರು. ಈಗ ಅವರಿಲ್ಲ. ಅವರಿಲ್ಲದ ಕಾರಣದಿಂದಲೇ ನೀವು ಮತ್ತೆ ಕೆಲಸಕ್ಕೆ ಹೊರಟಿದ್ದೀರಿ. ಉದ್ಯೋಗದಲ್ಲಿ ಬಿದ್ದ ಬಿಡುವು ಮತ್ತು ಮನೆಯಲ್ಲಿ ಆದ ಸಾವು ಎರಡು ಬೇರೆ ಬೇರೆ ಸಂಗತಿಗಳೆಂದು ನಾವು ಸಾಮಾನ್ಯವಾಗಿ ಮಾತಾಡುತ್ತೇವೆ. ಬಹಳ ಮಂದಿ ಹೆಂಗಸರ ಬದುಕಿನಲ್ಲಿ ಅವೆರಡೂ ಒಂದೇ ಕಥೆ ಎಂಬುದನ್ನು ಮುಂದಿಟ್ಟುಕೊಂಡೇ ಇವತ್ತು ಮಾತಾಡಬೇಕೆಂದಿದ್ದೇನೆ.

ಇದು ನನ್ನ ಅನಿಸಿಕೆ ಮಾತ್ರವಲ್ಲ. ಕೇಂದ್ರ ಸರ್ಕಾರದ ಅಂಕಿಅಂಶ ಇಲಾಖೆ 2024ರಲ್ಲಿ ದೇಶದಾದ್ಯಂತ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, 15ರಿಂದ 59 ವರ್ಷದ ಹೆಂಗಸರಲ್ಲಿ ಶೇ. 41ರಷ್ಟು ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು. ಅದೇ ವಯಸ್ಸಿನ ಗಂಡಸರಲ್ಲಿ ಈ ಪ್ರಮಾಣ ಶೇ. 21.4. ಆರೈಕೆ ಮಾಡುವ ಹೆಂಗಸು ಅದಕ್ಕೆ ದಿನಕ್ಕೆ ಸರಾಸರಿ 140 ನಿಮಿಷ ಕೊಟ್ಟರೆ, ಆರೈಕೆ ಮಾಡುವ ಗಂಡಸು 74 ನಿಮಿಷ ಕೊಡುತ್ತಾನೆ. ಇದರಲ್ಲಿ ಮಕ್ಕಳ ಲಾಲನೆಪಾಲನೆಯೂ ಸೇರಿದೆ, ನಿಜ. ಆದರೆ ಮನೆಯಲ್ಲಿ ಹಿರಿಯರೊಬ್ಬರು ಹಾಸಿಗೆ ಹಿಡಿದಾಗ ಯಾರ ಕೆಲಸ ನಿಲ್ಲುತ್ತದೆ ಎಂಬುದನ್ನು ತಿಳಿಯಲು ನಮಗೆ ಸಮೀಕ್ಷೆಯೂ ಬೇಕಾಗಿಲ್ಲ. ಕೊಲ್ಲಿ ದೇಶದ ಕೆಲಸ ಬಿಟ್ಟು ತಾಯಿಗಾಗಿ ಮಂಗಳೂರಿಗೆ ಮರಳಿ ಬಂದ ಗಂಡುಮಕ್ಕಳೂ ಇದ್ದಾರೆ, ಅವರ ಕಷ್ಟ ಕಡಿಮೆಯೆಂದು ನಾನು ಹೇಳುವುದಿಲ್ಲ. ಇಲ್ಲಿ ಕೂತಿರುವವರೆಲ್ಲ ಹೆಂಗಸರಾದ್ದರಿಂದ ನಮ್ಮ ಮಾತನ್ನೇ ಆಡುತ್ತೇನೆ.

ವರ್ಷಗಟ್ಟಲೆ ರೋಗಿಯ ಆರೈಕೆ ಮಾಡಿದವರು ಸಾವಿನ ದಿನ ಒಬ್ಬರನ್ನಷ್ಟೇ ಕಳೆದುಕೊಳ್ಳುವುದಿಲ್ಲ. ಬೆಳಗಿನ ಆರು ಗಂಟೆಯ ಮಾತ್ರೆ, ಎಂಟು ಗಂಟೆಗೆ ಕೊಳವೆಯಲ್ಲಿ ಗಂಜಿ, ಮಗ್ಗುಲು ಬದಲಿಸುವುದು, ಸಕ್ಕರೆ ನೋಡಿ ಬರೆದಿಡುವುದು, ವರದಿಗಳ ಕಡತವನ್ನು ಕಂಕುಳಲ್ಲಿಟ್ಟುಕೊಂಡು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು, ಇವೆಲ್ಲ ಸೇರಿ ಒಂದು ಉದ್ಯೋಗವೇ ಆಗಿರುತ್ತದೆ. ಸಾವು ಬಂದ ದಿನ ಆ ಉದ್ಯೋಗವೂ ಹೋಗುತ್ತದೆ. ಹದಿಮೂರನೆಯ ದಿನದ ಊಟ ಮುಗಿಸಿ ನೆಂಟರು ಹೊರಟುಹೋದ ಮೇಲೆ, ಮಾತ್ರೆಯ ಹೊತ್ತಿಗೆ ಎಚ್ಚರವಾಗುವ ದೇಹಕ್ಕೆ ಮಾಡಲು ಏನೂ ಇರುವುದಿಲ್ಲ. ಅದೇ ಹೊತ್ತಿಗೆ ಯಾರೋ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ: "ಇನ್ನು ನೀವು ಫ್ರೀ ಆದಿರಲ್ಲ, ಕೆಲಸಕ್ಕೆ ಸೇರಿಕೊಳ್ಳಿ, ಮನಸ್ಸು ಹಗುರಾಗುತ್ತೆ." ಆ ಮಾತು ನೋಯಿಸುವುದು ಅದು ಸುಳ್ಳೆಂಬ ಕಾರಣಕ್ಕಲ್ಲ, ದಣಿದ ಮೈಗೆ ಒಂದಿಷ್ಟು ನಿರಾಳವಾಗಿರುವುದು ನಿಮಗೇ ಗೊತ್ತಿರುತ್ತದೆ, ಮತ್ತು ಆ ನಿರಾಳದ ಬಗ್ಗೆ ನಿಮಗೇ ನಾಚಿಕೆಯಾಗಿರುತ್ತದೆ. ಈ ನಿರಾಳವನ್ನು ಯಾರೂ ಪಾಪವೆಂದು ತಿಳಿಯಬಾರದು. ನರಳುವವರ ನರಳಾಟ ನಿಂತಿತೆಂದು ಅನ್ನಿಸುವುದೂ ಪ್ರೀತಿಯ ಭಾಗವೇ.

ಇನ್ನು, ದುಃಖ ಮುಗಿದ ಮೇಲೆ ಕೆಲಸಕ್ಕೆ ಹೋಗಬೇಕೇ, ಕೆಲಸಕ್ಕೆ ಹೋದರೆ ದುಃಖ ಮುಗಿಯುತ್ತದೆಯೇ ಎಂಬ ಪ್ರಶ್ನೆ. ನನ್ನ ಬಳಿ ಬರುವವರಲ್ಲಿ ಅರ್ಧಕ್ಕರ್ಧ ಮಂದಿ ಈ ಎರಡರಲ್ಲಿ ಒಂದನ್ನು ಹಿಡಿದುಕೊಂಡೇ ಬರುತ್ತಾರೆ. ದುಃಖಕ್ಕೆ ಐದು ಹಂತಗಳಿವೆ, ಒಂದೊಂದಾಗಿ ದಾಟಿದರೆ ಕೊನೆಗೆ ಸಮಾಧಾನ ಸಿಗುತ್ತದೆ ಎಂಬುದನ್ನು ನೀವೂ ಎಲ್ಲೋ ಓದಿರುತ್ತೀರಿ. ಎಲಿಸಬೆತ್ ಕ್ಯೂಬ್ಲರ್-ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಆ ಹಂತಗಳನ್ನು ವಿವರಿಸಿದಾಗ ಅವರು ಮಾತಾಡಿಸಿದ್ದು ಸಾವನ್ನು ಎದುರು ನೋಡುತ್ತಿದ್ದ ರೋಗಿಗಳನ್ನು, ಹಿಂದೆ ಉಳಿದವರನ್ನಲ್ಲ. ಉಳಿದವರಿಗೂ ಅದೇ ಮೆಟ್ಟಿಲುಗಳನ್ನು ಹಾಕಿಕೊಟ್ಟದ್ದು ಆಮೇಲಿನ ಮಾತು. ಆ ಮೆಟ್ಟಿಲಿನ ಲೆಕ್ಕದಿಂದ ಆದ ಹಾನಿಯೆಂದರೆ, ಆರು ತಿಂಗಳ ನಂತರ ಕಚೇರಿಗೆ ಹೋಗುವ ಮೆಟ್ರೋದಲ್ಲಿ ಕಣ್ಣೀರು ಬಂದವರು ತಾವು ಹಿಂದಕ್ಕೆ ಜಾರಿದೆವೆಂದು ಹೆದರುತ್ತಾರೆ.

ನೆದರ್ಲೆಂಡ್ಸ್‌ನ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ ಎಂಬ ಇಬ್ಬರು ಸಂಶೋಧಕರು 1999ರಲ್ಲಿ ಮುಂದಿಟ್ಟ ವಿವರಣೆ ನನಗೆ ಹೆಚ್ಚು ನಿಜವೆನಿಸುತ್ತದೆ. ಹತ್ತಿರದವರನ್ನು ಕಳೆದುಕೊಂಡವರು ಒಂದಷ್ಟು ಹೊತ್ತು ಅಗಲಿಕೆಯ ಕಡೆಗೆ ಮುಖ ಮಾಡಿರುತ್ತಾರೆ: ಅಳುತ್ತಾರೆ, ಫೋಟೋ ನೋಡುತ್ತಾರೆ, ಕೊನೆಯ ದಿನಗಳನ್ನು ಮತ್ತೆ ಮತ್ತೆ ನೆನೆಯುತ್ತಾರೆ. ಇನ್ನೊಂದಷ್ಟು ಹೊತ್ತು ಆ ಸಾವಿನಿಂದ ಬದಲಾದ ಬದುಕಿನ ಕಡೆಗೆ ತಿರುಗುತ್ತಾರೆ: ಬ್ಯಾಂಕಿಗೆ ಹೋಗುತ್ತಾರೆ, ಹೊಸ ಕೆಲಸ ಕಲಿಯುತ್ತಾರೆ, ಮಕ್ಕಳ ಶುಲ್ಕ ಕಟ್ಟುತ್ತಾರೆ. ಈ ಎರಡರ ನಡುವೆ ಹೋಗಿ ಬರುತ್ತಿರುವುದೇ ಚೇತರಿಕೆಯ ರೀತಿ. ಒಂದನ್ನು ಮುಗಿಸಿ ಇನ್ನೊಂದಕ್ಕೆ ಹೋಗುವುದಲ್ಲ ಎಂದು ಅವರು ಹೇಳಿದರು. ಹಾಗೆ ನೋಡಿದರೆ ಬೆಳಿಗ್ಗೆ ಹನ್ನೊಂದಕ್ಕೆ ಸಭೆಯಲ್ಲಿ ನಕ್ಕ ನೀವು ಕಲ್ಲು ಮನಸ್ಸಿನವರೂ ಅಲ್ಲ, ಸಂಜೆ ಅತ್ತ ನೀವು ಕೈಲಾಗದವರೂ ಅಲ್ಲ.

ನಮ್ಮ ಹಿರಿಯರ ಪದ್ಧತಿಗಳಲ್ಲೂ ಈ ಹೋಗಿಬರುವಿಕೆ ಇತ್ತೆಂದು ನನಗೆ ತೋರುತ್ತದೆ. ಸೂತಕದ ದಿನಗಳಲ್ಲಿ ಎಲ್ಲವೂ ನಿಲ್ಲುತ್ತಿತ್ತು, ಆಮೇಲೆ ಹೊಲಗದ್ದೆಯ ಕೆಲಸ ಶುರುವಾಗುತ್ತಿತ್ತು, ಆದರೆ ತಿಂಗಳಿಗೊಮ್ಮೆ ಮಾಸಿಕ ಬರುತ್ತಿತ್ತು, ವರ್ಷಕ್ಕೆ ತಿಥಿ ಬರುತ್ತಿತ್ತು, ಮಹಾಲಯ ಅಮಾವಾಸ್ಯೆ ಬರುತ್ತಿತ್ತು. ಗಂಡನನ್ನು ಕಳೆದುಕೊಂಡ ಮುಸ್ಲಿಂ ಹೆಂಗಸಿಗೆ ನಾಲ್ಕು ತಿಂಗಳು ಹತ್ತು ದಿನಗಳ ಇದ್ದತ್ ಎಂಬ ಶೋಕದ ಅವಧಿ ಇದೆ. ಕ್ಯಾಥೊಲಿಕರಿಗೆ ನವೆಂಬರ್ 2ರಂದು ಎಲ್ಲ ಮೃತರ ಸ್ಮರಣೆಯ ದಿನವಿದೆ. ಈ ಪದ್ಧತಿಗಳಲ್ಲಿ ಹೆಂಗಸರನ್ನು, ಅದರಲ್ಲೂ ವಿಧವೆಯರನ್ನು ಕಟ್ಟಿಹಾಕಿದ ಅಂಶಗಳು ಎಷ್ಟೋ ಇವೆ, ಅವನ್ನು ನಾನು ಸಮರ್ಥಿಸುತ್ತಿಲ್ಲ. ದುಃಖಕ್ಕೆ ಒಂದು ದಿನವನ್ನು ಮೊದಲೇ ಗೊತ್ತು ಮಾಡಿ ಇಡುತ್ತಿದ್ದರಲ್ಲ, ಆ ಒಂದು ಅಂಶವನ್ನು ಮಾತ್ರ ಎತ್ತಿ ಹೇಳುತ್ತಿದ್ದೇನೆ. ರಾಜ್ಯ ಸರ್ಕಾರದ ಸಾರ್ವತ್ರಿಕ ರಜೆಗಳ ಪಟ್ಟಿಯಲ್ಲಿ ಮಹಾಲಯ ಅಮಾವಾಸ್ಯೆ ಇರುವುದನ್ನು ನೋಡಿದಾಗಲೆಲ್ಲ, ಅಷ್ಟಾದರೂ ಉಳಿದಿದೆಯಲ್ಲ ಎಂದು ನನಗೆ ಸಂತೋಷವಾಗುತ್ತದೆ.

ಅದರಾಚೆಗೆ ನಮ್ಮ ಕಚೇರಿಗಳಲ್ಲಿ ದುಃಖಕ್ಕೆ ಜಾಗ ಬಹಳ ಕಡಿಮೆ. ಮನೆಯವರು ಸತ್ತಾಗ ಎಲ್ಲ ನೌಕರರಿಗೂ ಇಷ್ಟು ದಿನ ರಜೆ ಕೊಡಲೇಬೇಕೆಂಬ ಕಾನೂನು ನಮ್ಮ ದೇಶದಲ್ಲಿಲ್ಲ. ಗರ್ಭಪಾತವಾದಾಗ 6 ವಾರಗಳ ವೇತನಸಹಿತ ರಜೆ ಕಾನೂನಿನಲ್ಲಿದೆ. ಮಗು ಹುಟ್ಟುವಾಗ ಅಥವಾ ಹುಟ್ಟಿದ ಕೂಡಲೇ ತೀರಿಕೊಂಡರೆ ಕೇಂದ್ರ ಸರ್ಕಾರಿ ನೌಕರೆಯರಿಗೆ ಕೆಲವು ಷರತ್ತುಗಳಿಗೆ ಒಳಪಟ್ಟು 60 ದಿನಗಳ ವಿಶೇಷ ರಜೆಯನ್ನು 2022ರಲ್ಲಿ ಕೊಡಲಾಯಿತು. ಉಳಿದಂತೆ ಇರುವ ರಜೆಯಲ್ಲೇ ಎಲ್ಲವನ್ನೂ ಹೊಂದಿಸಿಕೊಳ್ಳಬೇಕು. ಹೊಸದಾಗಿ ಸೇರಿದವರ ಖಾತೆಯಲ್ಲಿ ಆ ರಜೆಯೂ ಇರುವುದಿಲ್ಲ. ಆದ್ದರಿಂದ ಕೆಲಸಕ್ಕೆ ಸೇರುವ ಮೊದಲೇ, ವರ್ಷದ ತಿಥಿಯೋ ಪುಣ್ಯಸ್ಮರಣೆಯೋ ಯಾವಾಗ ಬರುತ್ತದೆಂದು ನೋಡಿಕೊಂಡು, ಆ ದಿನ ನಾನು ಬರಲಾರೆನೆಂದು ಮೇಲಿನವರಿಗೆ ಮುಂಚಿತವಾಗಿ ತಿಳಿಸಿಬಿಡಿ. ಸೇರುವ ಮುನ್ನ ಕೇಳಿದ ಒಂದು ದಿನವನ್ನು ಯಾರೂ ಇಲ್ಲವೆನ್ನುವುದಿಲ್ಲ. ಆ ದಿನ ಬೆಳಿಗ್ಗೆ ಫೋನು ಮಾಡಿ ಕೇಳಿದರೆ ಮುಖ ಸಿಂಡರಿಸುವವರು ಇರುತ್ತಾರೆ.

ಕಾಗದಪತ್ರಗಳ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ, ಬಿಡುವಂತಿಲ್ಲ. ಮರಣದ ನೋಂದಣಿ 21 ದಿನಗಳೊಳಗೆ ಆಗಬೇಕು. ನಾಡಕಚೇರಿಯಿಂದ ವಂಶವೃಕ್ಷದ ದೃಢೀಕರಣ ಬೇಕಾಗುತ್ತದೆ, ಜಮೀನಿದ್ದರೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು, ಆಗಬೇಕು. ತೀರಿಕೊಂಡವರು ಭವಿಷ್ಯ ನಿಧಿಯ ಸದಸ್ಯರಾಗಿ ಕೆಲಸದಲ್ಲಿದ್ದಾಗಲೇ ಹೋದರೆ, ನಿಧಿಯ ಹಣದ ಜೊತೆಗೆ ಅದಕ್ಕೆ ಜೋಡಿಸಿರುವ ವಿಮೆಯೂ ಬರುತ್ತದೆ, ಅದರ ಗರಿಷ್ಠ ಮೊತ್ತ 7 ಲಕ್ಷ ರೂಪಾಯಿ. ಎಷ್ಟೋ ಮನೆಗಳವರಿಗೆ ಈ ವಿಮೆಯಿದೆ ಎಂಬುದೇ ತಿಳಿದಿರುವುದಿಲ್ಲ. ಗ್ರಾಚ್ಯುಟಿಗೆ ಐದು ವರ್ಷದ ಸೇವೆಯಾಗಿರಬೇಕೆಂಬ ನಿಯಮ ಮರಣದ ಸಂದರ್ಭಕ್ಕೆ ಅನ್ವಯಿಸುವುದಿಲ್ಲ. ಈ ಓಡಾಟವೆಲ್ಲ ಹಗಲಿನ ಕಚೇರಿ ವೇಳೆಯಲ್ಲೇ ಆಗಬೇಕಾದ್ದರಿಂದ, ಸಾಧ್ಯವಿರುವವರು ಇದನ್ನು ಮುಗಿಸಿಕೊಂಡು ಕೆಲಸಕ್ಕೆ ಸೇರುವುದು ಮೇಲು. ಸಾಧ್ಯವಿಲ್ಲದವರು ಮನೆಯ ಇನ್ನೊಬ್ಬರಿಗೆ ಒಂದೊಂದು ಕಡತವನ್ನು ಹೆಸರು ಹೇಳಿ ವಹಿಸಿಬಿಡಿ.

ಅನುಕಂಪದ ನೇಮಕಾತಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಮಾತಾಡಬೇಕು, ಏಕೆಂದರೆ ಸಾವು ಮತ್ತು ಕೆಲಸ ಅಷ್ಟು ಹತ್ತಿರ ಬರುವುದು ಬೇರೆಲ್ಲೂ ಇಲ್ಲ. ಸೇವೆಯಲ್ಲಿರುವಾಗ ತೀರಿಕೊಂಡ ಸರ್ಕಾರಿ ನೌಕರರ ಕುಟುಂಬದ ಒಬ್ಬರಿಗೆ, ವಿದ್ಯಾರ್ಹತೆಗೆ ತಕ್ಕಂತೆ ‘ಸಿ’ ಅಥವಾ ‘ಡಿ’ ದರ್ಜೆಯ ಹುದ್ದೆ ಕೊಡಲು ನಮ್ಮ ರಾಜ್ಯದಲ್ಲಿ 1996ರ ನಿಯಮಗಳಿವೆ. ಅರ್ಜಿಯನ್ನು ಮರಣದ ದಿನದಿಂದ ಒಂದು ವರ್ಷದೊಳಗೆ ಕೊಡಬೇಕು. ಮಗಳು ಮದುವೆಯಾಗಿದ್ದರೆ ಅರ್ಹಳಲ್ಲ ಎಂದು ಮೊದಲಿತ್ತು. 2020ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ತಾರತಮ್ಯವನ್ನು ತೆಗೆದುಹಾಕಿತು. ಮದುವೆಯಾದ ಮಾತ್ರಕ್ಕೆ ಮಗಳು ಮಗಳಲ್ಲವೆಂದಾಗುವುದಿಲ್ಲ ಎಂಬುದನ್ನು ಹೇಳಲು ನ್ಯಾಯಾಲಯವೇ ಬೇಕಾಯಿತೆಂಬುದು ಯೋಚಿಸಬೇಕಾದ ಸಂಗತಿ. ಹೀಗೆ ನೇಮಕವಾದ ಹೆಣ್ಣುಮಗಳು, ಹತ್ತು ಹದಿನೈದು ವರ್ಷ ಮನೆಯಲ್ಲಿದ್ದವಳು, ಒಂದು ದಿನ ಗಂಡ ಕೆಲಸ ಮಾಡಿದ ಇಲಾಖೆಗೇ ದ್ವಿತೀಯ ದರ್ಜೆ ಸಹಾಯಕಿಯಾಗಿ ಹೋಗಿ ಕೂರುತ್ತಾಳೆ. ಅಲ್ಲಿಯವರು ಅವಳನ್ನು ಹೆಸರಿನಿಂದ ಕರೆಯುವುದಿಲ್ಲ, "ನಮ್ಮ ಇಂಥವರ ಮನೆಯವರು" ಎನ್ನುತ್ತಾರೆ. ಕೆಲಸ ತಿಳಿಯದೆ ತಡವರಿಸಿದರೆ "ಪಾಪ" ಎನ್ನುತ್ತಾರೆ, ಕಲಿತು ಚುರುಕಾದರೆ "ಹೋಗಿ ಇನ್ನೂ ವರ್ಷ ಆಗಿಲ್ಲ, ನೋಡಿ" ಎನ್ನುತ್ತಾರೆ. ತಿಂಗಳ ಕೊನೆಗೆ ಬರುವ ಸಂಬಳ ಯಾವ ಕಾರಣಕ್ಕೆ ಬಂತೆಂಬುದು ಅವಳಿಗೆ ಮರೆಯುವುದಿಲ್ಲ. ಇಂಥವರಿಗೆ ನಾನು ಹೇಳುವುದು ಇಷ್ಟೇ: ನೇಮಕ ಅನುಕಂಪದ್ದಾಗಿರಬಹುದು, ಮೊದಲ ದಿನ ನೀವು ಸಹಿ ಹಾಕಿದ ಮೇಲೆ ನಡೆಯುವ ಕೆಲಸ ಅನುಕಂಪದ್ದಲ್ಲ. ಕಡತ ಬರೆಯುವುದನ್ನು, ಗಣಕಯಂತ್ರವನ್ನು, ಇಲಾಖಾ ಪರೀಕ್ಷೆಗಳ ಪಠ್ಯವನ್ನು ಕಲಿಯಲು ಮೊದಲ ವರ್ಷವೇ ಕೂತುಕೊಳ್ಳಿ. ಇಲಾಖೆಯ ಹಳಬರು ದಯವಿಟ್ಟು ಆಕೆಯನ್ನು ಆಕೆಯ ಹೆಸರಿನಿಂದ ಕರೆಯಿರಿ.

ಖಾಸಗಿ ಕೆಲಸಕ್ಕೆ ಮರಳುವವರ ಕಷ್ಟ ಬೇರೆ ಥರದ್ದು. ನೀವು ಮನೆಯಲ್ಲಿದ್ದಾಗ ಹೊರಗಿನ ಲೋಕ ಬದಲಾಗಿರುತ್ತದೆ. 2016ರಲ್ಲಿ ಲೆಕ್ಕಪತ್ರ ವಿಭಾಗ ಬಿಟ್ಟವರಿಗೆ ಗೊತ್ತಿದ್ದುದು ವ್ಯಾಟ್ ಮತ್ತು ಸೇವಾ ತೆರಿಗೆ. 2017ರ ಜುಲೈ 1ರಿಂದ ಬಂದದ್ದು ಜಿಎಸ್‌ಟಿ. ನಮ್ಮ ನಾಡಿನಲ್ಲೇ ಹುಟ್ಟಿದ ಬ್ಯಾಂಕುಗಳನ್ನು ನೋಡಿ: ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕ್ 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಅಲ್ಲಿ ದುಡಿದು ಬಿಟ್ಟವರ ಅನುಭವ ಪತ್ರದ ಮೇಲಿರುವ ಹೆಸರಿನ ಸಂಸ್ಥೆಯೇ ಇಂದು ಇಲ್ಲ. ಮನೆಯಲ್ಲೂ ಒಬ್ಬರಿಲ್ಲ, ಹಿಂದಿನ ಕಚೇರಿಯೂ ಇಲ್ಲ ಎಂದಾಗ, ತನ್ನ ಹಳೆಯ ಬದುಕು ನಡೆದದ್ದೇ ಹೌದೇ ಎಂದು ಒಬ್ಬರು ನನ್ನನ್ನು ಕೇಳಿದ್ದರು. ಈ ಅಂತರವನ್ನು ತುಂಬಲು ತರಬೇತಿಗಳಿವೆ. ಟಾಟಾ ಸಮೂಹ 2008ರಲ್ಲೇ ಬಿಡುವಿನಿಂದ ಮರಳುವ ಮಹಿಳೆಯರಿಗಾಗಿ ಯೋಜನೆ ತಂದಿತು, ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಮಹಿಳಾ ವಿಜ್ಞಾನಿಗಳಿಗೆ ಇಂಥದೇ ಅವಕಾಶ ಮಾಡಿಕೊಟ್ಟಿದೆ. ಇಂಥ ಯೋಜನೆಗಳ ಪ್ರಚಾರದಲ್ಲಿ ಸಾಮಾನ್ಯವಾಗಿ ಕಾಣುವುದು ಪುಟ್ಟ ಮಗುವನ್ನು ಎತ್ತಿಕೊಂಡ ನಗುಮುಖದ ತಾಯಿ. ಮಾವನ ಕೊನೆಯ ಮೂರು ವರ್ಷ ನೋಡಿಕೊಂಡ ಸೊಸೆಗೆ ಆ ಚಿತ್ರದಲ್ಲಿ ತಾನು ಕಾಣುವುದಿಲ್ಲ. ಕಾಣದಿದ್ದರೂ ಅರ್ಜಿ ಹಾಕಿ. ಬಿಡುವಿಗೆ ಕಾರಣ ಮಗುವೇ ಆಗಿರಬೇಕೆಂದು ಷರತ್ತಿದೆಯೇ ಎಂದು ಓದಿ ನೋಡಿ, ಇಲ್ಲದಿದ್ದರೆ ಹಿಂಜರಿಯಬೇಡಿ.

ಈಗ, ಆ ವರ್ಷಗಳಲ್ಲಿ ಏನು ಮಾಡುತ್ತಿದ್ದಿರಿ ಎಂಬ ಆ ಮೊದಲಿನ ಪ್ರಶ್ನೆಗೆ ಬರುತ್ತೇನೆ. ಉತ್ತರ ಚಿಕ್ಕದಾಗಿರಲಿ, ನಿಜವಾಗಿರಲಿ, ಅದನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳಿ ರೂಢಿ ಮಾಡಿಕೊಂಡಿರಿ. "ನಾಲ್ಕು ವರ್ಷ ನಮ್ಮ ತಂದೆಯವರ ಆರೈಕೆಯಲ್ಲಿದ್ದೆ. ಕಳೆದ ವರ್ಷ ಅವರು ತೀರಿಕೊಂಡರು. ಈಗ ಪೂರ್ಣಾವಧಿಯ ಕೆಲಸಕ್ಕೆ ಸಿದ್ಧಳಿದ್ದೇನೆ, ಈ ಆರು ತಿಂಗಳಲ್ಲಿ ಇಂಥ ತರಬೇತಿ ಮುಗಿಸಿದ್ದೇನೆ." ಇಷ್ಟು ಸಾಕು. ಕಾಯಿಲೆಯ ವಿವರ, ಖರ್ಚಿನ ವಿವರ, ಕೊನೆಯ ರಾತ್ರಿಯ ವಿವರ ಸಂದರ್ಶನದ ಮೇಜಿಗೆ ಬರಬೇಕಾಗಿಲ್ಲ. ಆ ವರ್ಷಗಳನ್ನು ಮುಚ್ಚಿಟ್ಟು ಸ್ವತಂತ್ರವಾಗಿ ಏನೋ ಮಾಡುತ್ತಿದ್ದೆನೆಂದು ಕಥೆ ಕಟ್ಟುವುದೂ ಬೇಡ. ಇತ್ತೀಚೆಗೆ ಕೆಲವು ಸಲಹೆಗಾರರು ಆರೈಕೆಯ ವರ್ಷಗಳನ್ನು ನಿರ್ವಹಣಾ ಕೌಶಲದ ಭಾಷೆಯಲ್ಲಿ ಬರೆಯಲು ಹೇಳಿಕೊಡುತ್ತಾರೆ: ಔಷಧಿಯ ದಾಸ್ತಾನು ನಿರ್ವಹಣೆ, ಸಂಬಂಧಿಕರೊಡನೆ ಸಮನ್ವಯ, ಹೀಗೆ. ನನಗೆ ಅದು ಸರಿಬರುವುದಿಲ್ಲ. ನಿಮ್ಮ ತಾಯಿಗೆ ನೀವು ಅನ್ನ ತಿನ್ನಿಸಿದ್ದು ತಾಯಿಗೆ ಅನ್ನ ತಿನ್ನಿಸಿದ್ದೇ. ಅದಕ್ಕೆ ಬೇರೆ ಹೆಸರಿಟ್ಟು ಮಾರಬೇಕಾದ ಅಗತ್ಯವನ್ನು ತರುವ ಸಂಸ್ಥೆಯಲ್ಲಿ ದೋಷವಿದೆ, ನಿಮ್ಮಲ್ಲಲ್ಲ.

ಸಂದರ್ಶನ ಮಾಡುವವರೂ ಇಲ್ಲಿ ಕೆಲವರಿದ್ದೀರಿ. ಎದುರಿಗಿರುವವರು ಸಾವಿನ ಸುದ್ದಿ ಹೇಳಿದರೆ "ಕೇಳಿ ಬೇಸರವಾಯಿತು" ಎಂದು ಹೇಳಿ, ಒಂದು ಕ್ಷಣ ಬಿಟ್ಟು, ಕೆಲಸದ ಪ್ರಶ್ನೆಗೆ ಬನ್ನಿ. ಏನಾಗಿತ್ತು, ವಯಸ್ಸೆಷ್ಟಾಗಿತ್ತು ಎಂಬ ಕುತೂಹಲ ಬೇಡ. ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಮುಂದೆ ಮದುವೆಯ ಯೋಚನೆ ಇದೆಯೇ ಎಂದಂತೂ ಕೇಳಲೇಬೇಡಿ.

ಸೇರುವ ದಿನದ ಅರ್ಜಿಗಳ ಬಗ್ಗೆ ಯಾರೂ ಮಾತಾಡುವುದಿಲ್ಲ, ನಾನು ಮಾತಾಡುತ್ತೇನೆ. ಮೊದಲ ದಿನ ಬೆಳಿಗ್ಗೆಯೇ ಮುಂದಿಡುವ ಹಾಳೆಗಳಲ್ಲಿ ಗಂಡನ ಹೆಸರು, ತುರ್ತಿಗೆ ಕರೆಯಬೇಕಾದವರ ಹೆಸರು, ಭವಿಷ್ಯ ನಿಧಿಯ ನಾಮಿನಿಯ ಹೆಸರು, ವಿವಾಹಿತೆಯೋ ಅವಿವಾಹಿತೆಯೋ ವಿಧವೆಯೋ ಎಂಬ ಚೌಕಗಳು ಸಾಲಾಗಿ ಇರುತ್ತವೆ. ಹತ್ತು ವರ್ಷದ ಹಿಂದೆ ಯೋಚಿಸದೆ ಬರೆದಿದ್ದ ಹೆಸರನ್ನು ಈಗ ಬರೆಯುವಂತಿಲ್ಲ. ಸಂದರ್ಶನವನ್ನೆಲ್ಲ ಧೈರ್ಯದಿಂದ ಮುಗಿಸಿದವರು ಈ ಹಾಳೆಯ ಮುಂದೆ ಪೆನ್ನು ಹಿಡಿದು ಕೂತುಬಿಡುತ್ತಾರೆ. ಹಿಂದಿನ ದಿನವೇ ಈ ಹೆಸರುಗಳನ್ನು ನಿರ್ಧರಿಸಿ, ಅವರ ಜನ್ಮದಿನಾಂಕ ಮತ್ತು ಫೋನ್ ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸಿಬ್ಬಂದಿ ವಿಭಾಗದವರು ಈ ಹಾಳೆಗಳನ್ನು ಮೊದಲೇ ಮನೆಗೆ ಕಳುಹಿಸಿಕೊಟ್ಟರೆ ಅವರಿಗೇನೂ ನಷ್ಟವಿಲ್ಲ.

ಇನ್ನೊಂದು, ಹಬ್ಬದ ಮಾತು. ವರಮಹಾಲಕ್ಷ್ಮಿಗೋ ಆಯುಧಪೂಜೆಗೋ ಕಚೇರಿಯಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬರುವವರು, ಗಂಡನನ್ನು ಕಳೆದುಕೊಂಡ ಸಹೋದ್ಯೋಗಿಯ ಮೇಜಿನ ಹತ್ತಿರ ಬಂದಾಗ ನೋಟ ತಪ್ಪಿಸಿ ಮುಂದೆ ಹೋಗುವುದನ್ನು ನಾನು ಕಂಡಿದ್ದೇನೆ. ಅವರು ಕೆಟ್ಟವರಲ್ಲ, ಕೊಡಬೇಕೋ ಬಿಡಬೇಕೋ ತಿಳಿಯದೆ ಹಾಗೆ ಮಾಡುತ್ತಾರೆ. ಕೊಡಿ. ಎಲ್ಲರಿಗೂ ಕೊಟ್ಟಂತೆಯೇ ಕೊಡಿ, ತೆಗೆದುಕೊಳ್ಳುವುದೂ ಬಿಡುವುದೂ ಅವರಿಗೆ ಸೇರಿದ್ದು. ಒಂದು ಕಚೇರಿ ಒಬ್ಬ ಹೆಂಗಸನ್ನು ಮತ್ತೆ ಬದುಕಿಗೆ ಸೇರಿಸಿಕೊಳ್ಳುವುದು ಇಂಥ ಕಡೆಯಲ್ಲೇ.

ದುಃಖ ಎಲ್ಲಿಯವರೆಗೆ ಸಹಜ, ಎಲ್ಲಿಂದ ಚಿಕಿತ್ಸೆ ಬೇಕು ಎಂದು ಕೇಳುತ್ತೀರಿ. ತಿಂಗಳುಗಳು ಕಳೆದರೂ ದಿನದಿನವೂ ಹಂಬಲದ ತೀವ್ರತೆ ಇಳಿಯದೆ, ತನ್ನ ಅರ್ಧ ಭಾಗವೇ ಸತ್ತಿತೆಂಬ ಭಾವ ಹೋಗದೆ, ಊಟ ನಿದ್ದೆ ಕೆಲಸ ಯಾವುದೂ ನಡೆಯದಂತಾದರೆ ಅದನ್ನು ವೈದ್ಯರು ದೀರ್ಘಕಾಲದ ಶೋಕದ ತೊಂದರೆಯೆಂದು ಗುರುತಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಅದಕ್ಕೆ ಕನಿಷ್ಠ ಆರು ತಿಂಗಳು, 2022ರ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ವಯಸ್ಕರಿಗೆ ಕನಿಷ್ಠ ಒಂದು ವರ್ಷ ಎಂದಿದೆ. ಸಾಯಬೇಕೆಂಬ ಯೋಚನೆ ಬಂದರಂತೂ ಯಾವ ಅವಧಿಯನ್ನೂ ಕಾಯಬೇಡಿ. ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. 2022ರಲ್ಲಿ ಆರಂಭವಾದ ಈ ಸೇವೆಗೆ ನಮ್ಮ ನಿಮ್ಹಾನ್ಸ್ ಕೇಂದ್ರಸ್ಥಾನ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಾಗಿಲ್ಲ.

ಮಾತು ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನಿಂದ ಒಂದು ಪ್ರಶ್ನೆ ಬಂತು: "ಮೇಡಂ, ಸಂದರ್ಶನದಲ್ಲಿ ಅಪ್ಪಾಜಿಯ ವಿಷಯ ಬಂದು ಅಲ್ಲೇ ಅತ್ತುಬಿಟ್ಟರೆ ಏನು ಮಾಡಲಿ?" ಅದಕ್ಕೆ ನಾನು ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ. ಅಳು ಬಂದರೆ ಎದ್ದು ಹೋಗಬೇಡಿ, ಕ್ಷಮೆಯನ್ನೂ ಕೇಳಬೇಡಿ. "ಒಂದು ನಿಮಿಷ ಕೊಡಿ" ಎಂದು ಹೇಳಿ, ನೀರು ಕೇಳಿ ಕುಡಿಯಿರಿ. ಆಮೇಲೆ ಅವರು ಮುಂದಿನ ಪ್ರಶ್ನೆ ಕೇಳುವುದಕ್ಕೆ ಕಾಯದೆ ನೀವೇ ಹಿಂದೆ ಮಾಡಿದ ಕೆಲಸದ ಒಂದು ವಿವರವನ್ನು ಎತ್ತಿಕೊಂಡು ಮಾತು ಮುಂದುವರಿಸಿ; ಯಾವ ವಿವರ ಹೇಳಬೇಕೆಂದು ಮನೆಯಲ್ಲೇ ಆರಿಸಿಟ್ಟುಕೊಂಡಿರಿ. ಅಷ್ಟಾದ ಮೇಲೂ ಆ ಒಂದು ನಿಮಿಷದ ಕಾರಣಕ್ಕೆ ಅವರು ಕೆಲಸ ಕೊಡದಿದ್ದರೆ, ಅರ್ಜಿಯ ಇನ್ನೊಂದು ಪ್ರತಿಯನ್ನು ಬೇರೆ ಕಡೆಗೆ ಕಳುಹಿಸಿ.